ಬಾಟಲಿ ಎತ್ತಿ ಹಿಡಿ ಎಂದವರು

ಅವರ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಹಸುವಿನ ಹೊಟ್ಟೆಯಲ್ಲಿ ಅಡ್ಡಬಿದ್ದ ಕರುಗಳನ್ನು ತಿರುಗಿಸಿ ಎಳೆದು, ಮತ್ತೆ ಮತ್ತೆ ಸೋಪು ಹಚ್ಚಿ ತೊಳೆದು, ಮೊಣಕೈವರೆಗೆ ಒಂದು ಕೂದಲೂ ಉಳಿದಿರಲಿಲ್ಲ. ಬಂಗಾರಪೇಟೆ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಆ ಕೈಯನ್ನು ನಂಬದ ಮನೆಯಿರಲಿಲ್ಲ. ದನದ ಆಸ್ಪತ್ರೆಯಲ್ಲಿ ಅವರು ಡಾಕ್ಟರ ಸಹಾಯಕರು ಅಷ್ಟೇ. ಆದರೆ ಡಾಕ್ಟರು ಬರುವುದು ಯಾವಾಗಲೋ, ಕರೆದಾಗ ಬರುತ್ತಿದ್ದವರು ಇವರೇ. ಎಲ್ಲರಿಗೂ ಸೂಜಿಯಣ್ಣ. ಇಲ್ಲಿ ಅವರನ್ನು ಬಹುವಚನದಲ್ಲೇ ಬರೆಯುತ್ತಿದ್ದೇನೆ. ಅದು ಅಭ್ಯಾಸ, ಗೌರವ ಎಂದು ಯಾರೂ ತಿಳಿಯಬೇಡಿ.

ಚಿನ್ನದ ಗಣಿಯ ಊರಿಗಾಂನಲ್ಲಿ ಬೆಳೆದ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಹಸುವಿನ ಹತ್ತಿರ ಹೋಗಲೂ ಹೆದರುತ್ತಿದ್ದೆ. ಕೆಚ್ಚಲು ಮುಟ್ಟಿ ಬಾವು ಗುರುತಿಸುವುದು, ಆಗತಾನೇ ಹುಟ್ಟಿದ ಕರುವಿನ ಮೂಗಿನ ಲೋಳೆ ತೆಗೆದು ಉಸಿರು ತರಿಸುವುದು, ಎಲ್ಲ ಕಲಿಸಿದವರು ಅವರು. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿದ ಮನುಷ್ಯ. ಹಸುವನ್ನು ತೆಲುಗಿನಲ್ಲಿ ಮುದ್ದು ಮಾಡಿ, ಒದ್ದರೆ ತಮಿಳಿನಲ್ಲಿ ಬೈದು, ನಮಗೆ ಕನ್ನಡದಲ್ಲಿ ಬುದ್ಧಿ ಹೇಳುತ್ತಿದ್ದರು. "ದನ ಸುಳ್ಳು ಏಳಲ್ಲ ಕಣಮ್ಮ, ಅಗ್ಗ ಇಡ್ಕೊಂಡಿರೋರು ಏಳ್ತಾರೆ" ಎನ್ನುವುದು ಅವರ ಮಾಮೂಲಿ ಮಾತು. ಅದನ್ನು ಹೇಳಲು ಅವರಿಗೆ ನಾಲಿಗೆ ಹೇಗೆ ಬರುತ್ತಿತ್ತೋ.

ನಮ್ಮ ಸೀಮೆಹಸು ಕರು ಹಾಕಿದ ಮಾರನೆಯ ದಿನ ಏಳಲಾಗದೆ ಮಲಗಿತು. ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು ಅವರು ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ ಬಾಟಲಿ ಏರಿಸಿದರು. ಬಾಟಲಿ ಹಿಡಿದು ನಿಂತಿದ್ದವಳು ನಾನು. ಅವರ ಫೋನು ಬಡಿದುಕೊಳ್ಳುತ್ತಲೇ ಇತ್ತು, ಇನ್ನೊಂದು ಊರಿನವರು ಕರೆಯುತ್ತಿದ್ದರು. "ಇನ್ನೂ ಮ್ಯಾಲಕ್ಕೆತ್ತಮ್ಮ, ಬೇಗ ಇಳೀಲಿ" ಎಂದರು. ಎತ್ತಿದೆ. ಬಾಟಲಿ ಮುಗಿಯುವ ಮೊದಲೇ ಹಸು ಒಮ್ಮೆ ಅದುರಿ, ಕತ್ತು ಚಾಚಿ ಸತ್ತುಹೋಯಿತು.

ಅವರು ಸೂಜಿ ಕಿತ್ತು ಒರೆಸಿಕೊಂಡರು. ಆಮೇಲೆ ಬೆಳಿಗ್ಗೆ ಏನು ತಿನ್ನಿಸಿದಿರಿ ಎಂದು ಕೇಳಿದರು. ನಮ್ಮತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ರಾಗಿಹುಲ್ಲು, ಜೊತೆಗೆ ಬದುವಿನಲ್ಲಿ ಕುಯ್ದ ಒಂದು ಹಿಡಿ ಹಸಿ ಜೋಳದ ಸೊಪ್ಪು. ಆ ಮನುಷ್ಯನಿಗೆ ಅಷ್ಟು ಸಾಕಾಯಿತು. "ಎಳೇ ಜೋಳ ಆಕ್ಬಿಟ್ಟವ್ರೆ, ವಿಷ ಏರ್ಬಿಟ್ಟೈತೆ. ಇನ್ನ ಬಾಟ್ಲಿ ಏನ್ ಮಾಡ್ತದೆ?" ಎಂದು ಸೇರಿದ್ದ ಜನಕ್ಕೆಲ್ಲ ಕೇಳುವಂತೆ ಹೇಳಿ ಬೈಕ್ ಹತ್ತಿದರು.

ಅಂದಿನಿಂದ ನಮ್ಮತ್ತೆ ಊರಿಗೆಲ್ಲ ಹಸು ಕೊಂದವಳು. ಬಾಣಂತಿ ಹಸುವಿಗೆ ವಿಷ ತಿನ್ನಿಸಿದ ಕೈ ಎಂದು ಡೈರಿಯ ಸಾಲಿನಲ್ಲಿ ಅವರೆದುರಿಗೇ ಆಡಿಕೊಂಡರು. ಹುಟ್ಟಿದಾಗಿನಿಂದ ದನಗಳ ನಡುವೆ ಬದುಕಿದ ಹೆಂಗಸು ಮೇವು ಕುಯ್ಯುವ ಕುಡುಗೋಲನ್ನು ಅಟ್ಟಕ್ಕೆ ಎಸೆದು, ಕೊಟ್ಟಿಗೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ತಬ್ಬಲಿ ಕರುವನ್ನು ಬೆಳೆಸಿದ್ದು ನಾನು.

ಆ ಕರು ಬೆಳೆದು ಈದಾಗ ಅದೂ ತಾಯಿಯ ಹಾಗೆಯೇ ಮಲಗಿತು. ಸೂಜಿಯಣ್ಣ ಸಿಗಲಿಲ್ಲ, ಗಣಿ ಕಡೆಯ ಕೋರಮಂಡಲ್‌ನಿಂದ ಒಬ್ಬ ಡಾಕ್ಟರಮ್ಮ ಬಂದರು. ಅವರು ಸೂಜಿ ಚುಚ್ಚುತ್ತಲೇ ನಾನು ಬಾಟಲಿಯನ್ನು ಮೇಲಕ್ಕೆತ್ತಿದೆ. ಗದರಿ ಕೆಳಗಿಳಿಸಿದರು. ಕ್ಯಾಲ್ಸಿಯಂ ನಿಧಾನವಾಗಿ ಇಳಿಯಬೇಕು, ಜೋರಾಗಿ ಬಿಟ್ಟರೆ ಎದೆ ನಿಂತು ಅಲ್ಲೇ ಸಾಯುತ್ತದೆ, ದನದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ ಎಂದರು. ಹಸು ಎದ್ದು ನಿಂತಿತು. ಅದರ ತಾಯಿಯನ್ನು ಕೊಂದದ್ದು ಜೋಳವಲ್ಲ ಎಂದು ಗೊತ್ತಾಗಿ ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನವೇ ಆಸ್ಪತ್ರೆಗೆ ಹೋಗಿ ಸೂಜಿಯಣ್ಣನನ್ನು ಕೇಳಿದೆ. ಅಲ್ಲವೆನ್ನಲಿಲ್ಲ. "ಅವತ್ತೇ ಗೊತ್ತಾಯ್ತಮ್ಮ. ಗಣಿ ಮುಚ್ಚಿದ್ಮೇಲೆ ನಮ್ಮಪ್ಪ ಮನೇಲಿ ಕುಂತಿದ್ದು ನೋಡಿದೀನಿ. ನಂದೂ ಕೆಲ್ಸ ಓಗ್ತದೆ ಅಂತ ಎದ್ರಿಕೊಂಡೆ" ಎಂದರು. ಹೆದರಿಕೆ ಯಾರಿಗಿಲ್ಲ? ಆದರೆ ತಮ್ಮ ತಪ್ಪನ್ನು ಒಬ್ಬ ಮುದುಕಿಯ ತಲೆಗೆ ಕಟ್ಟಿ, ಆಮೇಲೂ ಅದೇ ಮುದುಕಿ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರಲ್ಲ, ಅದಕ್ಕೆ ನನ್ನ ಸಿಟ್ಟು. ಈ ಮಾತನ್ನು ಡೈರಿಯಲ್ಲಿ ಎಲ್ಲರೆದುರು ಹೇಳಿ ಎಂದೆ.

ಬಂದರು. ಹಾಲಿನ ಸಾಲಿನ ಮುಂದೆ ನಿಂತು, "ಅಮ್ಮಂದೇನೂ ತಪ್ಪಿಲ್ಲ, ಯಾರ್ದೂ ತಪ್ಪಿಲ್ಲ. ಅದರ ಆಯಸ್ಸು ಅಷ್ಟೇ ಇತ್ತು, ಮರ್ತುಬಿಡಿ" ಎಂದರು. ಜನ ಕರಗಿಹೋದರು. ಮುದುಕಿಯ ತಪ್ಪನ್ನು ಮುಚ್ಚುತ್ತಿದ್ದಾರೆ, ಎಂಥ ದೊಡ್ಡ ಗುಣ ಎಂದು ಹೊಗಳಿದರು. ತಪ್ಪು ಮಾಡಿದವರೂ ಇವರೇ, ಕ್ಷಮಿಸಿದವರೂ ಇವರೇ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದರು. "ಅವನ ಕೆಲ್ಸ ಇರೋಗಂಟ ನೀನು ಬಾಯಿ ಬಿಡಬ್ಯಾಡ ಕಣೇ. ಎಂಡ್ರು ಮಕ್ಳು ಅವ್ರೆ" ಎಂದು ಆಣೆ ಹಾಕಿಸಿಕೊಂಡರು. ಹಲ್ಲು ಕಚ್ಚಿಕೊಂಡು ಇದ್ದೆ.

ಈ ವರ್ಷ ಸೂಜಿಯಣ್ಣ ಕಾಮಾಲೆಯಾಗಿ ತೀರಿಕೊಂಡರು. ಚಾಂಪಿಯನ್ ರೀಫ್ಸ್‌ಗೆ ಹೋಗಿ ಹೂವು ಹಾಕಿ ಬಂದೆ. ಆ ಬಲಗೈ ನೋಡಿ ಅಳು ಬಂತು, ಸುಳ್ಳೇಕೆ ಹೇಳಲಿ. ನನ್ನ ಕೊಟ್ಟಿಗೆಯಲ್ಲಿ ಇಂದು ಓಡಾಡುತ್ತಿರುವ ಕರುಗಳೆಲ್ಲ ಆ ಕೈ ಕಲಿಸಿದ ವಿದ್ಯೆಯಿಂದ ಉಳಿದವು. ಸಿಟ್ಟು ಮಾತ್ರ ಇಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಕ್ಯಾನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಬಾಟಲಿ, ಫೋನು, ಡಾಕ್ಟರಮ್ಮ, ಅವರೇ ಒಪ್ಪಿಕೊಂಡ ಮಾತು. ಸಾಲಿನಲ್ಲಿದ್ದ ಹಿರಿಯರೊಬ್ಬರು ಮುಖ ಗಂಟಿಕ್ಕಿ, "ಸತ್ತೋರ ಮ್ಯಾಲೆ ಇಂಗೆಲ್ಲ ಮಾತಾಡಬಾರ್ದಮ್ಮ" ಎಂದರು.

"ಬದುಕಿರೋ ನಮ್ಮತ್ತೆ ಮ್ಯಾಲೆ ಇಷ್ಟು ವರ್ಷ ಮಾತಾಡಿದ್ರಲ್ಲ ಮಾವ, ಆಗ ಈ ಮಾತು ಎಲ್ಲೋಗಿತ್ತು?" ಎಂದೆ.

ಹಾಲು ಅಳೆಸಿ ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅತ್ತೆ ಅಟ್ಟದ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ನನ್ನನ್ನು ಬೈಯಲಿಲ್ಲ. ಕುಡುಗೋಲು ಕೈಗೆ ಎಟುಕುತ್ತಿಲ್ಲ, ಇಳಿಸಿಕೊಡು ಎಂದರು.