ಬೇರೆ ಮಾತ್ರೆ ಏನೂ ಇಲ್ಲ

ಮನೆ ಬದಲಿಸುವವರ ಬೀರು, ಫ್ರಿಜ್ಜುಗಳನ್ನು ಬೆನ್ನ ಮೇಲೆ ಹೊತ್ತು ಮಹಡಿಗೆ ಏರಿಸುವುದು ಅವನ ಕಸುಬು. ಜೊತೆಯವರು ಅವನನ್ನು ಆನೆ ಎನ್ನುತ್ತಿದ್ದರು. ಹೆಂಡತಿಯೂ ಒಮ್ಮೊಮ್ಮೆ ಹಾಗೇ ಕರೆದು ಕೀಟಲೆ ಮಾಡುತ್ತಿದ್ದಳು. ಆನೆಗೂ ಕೊಲೆಸ್ಟ್ರಾಲ್ ಏರಿತು. ಊಟವಾದ ಮೇಲೆ ಅವಳು ಕೊಡುವ ಮಾತ್ರೆಯನ್ನು ಬಾಗಿಲು ಮುಂದೆ ಮಾಡಿಕೊಂಡು ನುಂಗುತ್ತಿದ್ದ.

"ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ನಾಳೆಯಿಂದ ದಿಂಬು ಹೊರೋ ಕೆಲಸ ಕೊಡ್ತಾರೆ," ಎನ್ನುತ್ತಿದ್ದ. ಅವಳು ನಗುತ್ತಿದ್ದಳು.

ಕೆಮ್ಮು ಎದೆಗಿಳಿದಾಗ ಇಬ್ಬರೂ ಬೀದಿ ಕೊನೆಯ ಹೊಸ ಡಾಕ್ಟರ ಹತ್ತಿರ ಹೋದರು. ಅವನ ಜೊತೆ ಭಾರ ಹೊರುವವನೊಬ್ಬ ಅಲ್ಲೇ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ.

"ಬೇರೆ ಮಾತ್ರೆ ಏನಾದ್ರೂ ತಗೊಳ್ತಿದೀರಾ?" ಡಾಕ್ಟರು ಕೇಳಿದರು.

"ಏನೂ ಇಲ್ಲ. ನಾನು ಕಲ್ಲುಗುಂಡು!" ಎಂದ.

ಅವಳಿಗೆ ಮಾತು ನಾಲಿಗೆ ತುದಿಗೆ ಬಂತು. ಆದರೆ ನಾಲ್ಕು ಜನರ ಮುಂದೆ ಗಂಡನ ಮಾತು ತೆಗೆದುಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ನುಂಗಿಕೊಂಡಳು. ಹಾಳು ಮರ್ಯಾದೆ!

ಹೊಸ ಮಾತ್ರೆ, ಹಳೇ ಮಾತ್ರೆ ಎರಡನ್ನೂ ಅವಳೇ ಹೊತ್ತುಹೊತ್ತಿಗೆ ಕೊಟ್ಟಳು. ಕೆಮ್ಮು ಇಳಿಯಿತು, ತೊಡೆ ಹಿಡಿದುಕೊಂಡಿತು. ಭಾರ ಹೊರುವವನಿಗೆ ಮೈಕೈ ನೋವು ಹೊಸದೇ? ಎಣ್ಣೆ ಕಾಯಿಸಿ ತಿಕ್ಕಿದಳು. ಒಂದು ದಿನ ಅವನು ಯಾರದೋ ಮನೆಯ ಮೆಟ್ಟಿಲ ಮೇಲೆ ಬೀರು ಬಿಟ್ಟು ಕೂತ. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕೆಮ್ಮಿನ ಮಾತ್ರೆ ಕೊಲೆಸ್ಟ್ರಾಲ್ ಮಾತ್ರೆಯನ್ನು ಮೈಯಿಂದ ಹೊರಹೋಗಲು ಬಿಟ್ಟಿರಲಿಲ್ಲ. ಅದು ರಕ್ತದಲ್ಲೇ ಹೆಚ್ಚಿ ಮಾಂಸಖಂಡ ಕರಗಿ, ಆ ಕಸ ಕಿಡ್ನಿಗೆ ಕಟ್ಟಿಕೊಂಡಿತ್ತು.

"ಒಂದು ಮಾತು ಹೇಳಿದ್ರೆ ಬೇರೆ ಮಾತ್ರೆ ಕೊಡ್ತಿದ್ರು. ಇಲ್ಲಾಂದ್ರೆ ಕೊಲೆಸ್ಟ್ರಾಲ್ ಮಾತ್ರೆನ ಅಷ್ಟು ದಿನ ನಿಲ್ಸಿ ಅಂತಿದ್ರು. ಕಾಲು ನೋವು ಶುರುವಾದಾಗ್ಲಾದ್ರೂ ಬರ್ಬಾರ್ದಿತ್ತಾ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಕೊಟ್ಟದ್ದೂ ಅವೇ, ತಿಕ್ಕಿದ್ದೂ ಅವೇ.

ಕಿಡ್ನಿ ಚೇತರಿಸಿಕೊಳ್ಳಲೇ ಇಲ್ಲ. ಈಗ ಅವನು ದಿನ ಬಿಟ್ಟು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾನೆ. ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಅವಳ ಹೆಗಲು ಹಿಡಿದು. ಆನೆ ಎಂದು ಕರೆಯಲು ಅವಳಿಗೂ ಬಾಯಿ ಬರುವುದಿಲ್ಲ.

ಮೊನ್ನೆ ಹೊಸ ನರ್ಸ್ ಒಬ್ಬಳು ಬಂದು ಅದೇ ಪ್ರಶ್ನೆ ಕೇಳಿದಳು. ಹೆಂಡತಿ ಒಂದೂ ಬಿಡದೆ ಎಲ್ಲ ಮಾತ್ರೆಗಳ ಹೆಸರು ಹೇಳಿದಳು. ಅವನು ಗೋಡೆಯ ಕಡೆ ಮುಖ ಮಾಡಿದ.

"ಇಷ್ಟು ಚೆನ್ನಾಗಿ ಹೇಳ್ತೀಯಲ್ಲ. ಆವತ್ತು ನಿನ್ನ ಬಾಯಿಗೆ ಏನಾಗಿತ್ತು?"

ಯಾರಿಗೂ ಹೇಳ್ಬೇಡ ಅಂದೋರು ನೀವೇ ಅಲ್ವಾ ಎನ್ನಬೇಕೆಂದು ಹೆಂಡತಿಗೆ ಅನಿಸಿತು. ನರ್ಸ್ ಇನ್ನೂ ಅಲ್ಲೇ ನಿಂತಿದ್ದಳು. ಅವಳು ಮತ್ತೆ ನುಂಗಿಕೊಂಡಳು.