ಗೌರಿ ಹುಣ್ಣಿಮೆಗೆ ತಿಳಿಯಾದ ಮುಖ

ಸರಸ್ವತಿ ನಗರದ ನಮ್ಮ ಮನೆಯಲ್ಲಿ ಇಡೀ ಸಂಸಾರಕ್ಕೆ ಒಂದೇ ಕನ್ನಡಿ ಇದ್ದ ಕಾಲ ಅದು. ಬಚ್ಚಲ ಗೋಡೆಯ ಮೊಳೆಗೆ ನೇತುಹಾಕಿದ್ದ ಅದರ ಮುಂದಿನಿಂದ ಬೇಗ ಸರಿಯದಿದ್ದರೆ ಹಿಂದೆ ನಿಂತವರು ಬೈಯುತ್ತಿದ್ದರು. ಆ ವರ್ಷ ಮಾತ್ರ ನಮ್ಮ ಶೈಲಕ್ಕನನ್ನು ಯಾರೂ ಬೈಯಲಿಲ್ಲ. ದಸರೆಗೆ ಮುಂಚೆ ಅವಳ ನಿಶ್ಚಿತಾರ್ಥವಾಗಿತ್ತು. ಮೊಡವೆಗಳು ಒಣಗಿದ್ದವು, ಆದರೆ ಹೋಗುವಾಗ ಎರಡೂ ಕೆನ್ನೆಯ ಮೇಲೆ ಹುರುಳಿಕಾಳಿನಂಥ ಕಪ್ಪು ಕಲೆಗಳನ್ನು ಉಳಿಸಿಹೋಗಿದ್ದವು.

ಹುಡುಗ ಗುತ್ತೂರಿನವನು, ಊರ ಹತ್ತಿರವೇ ಕಾರ್ಖಾನೆಯಲ್ಲಿ ಕೆಲಸ. ಅವನಿಗೆ ಅಕ್ಕ ಒಪ್ಪಿಗೆಯಾಗಿದ್ದಳು. ಅವನ ತಾಯಿ ಹೊರಡುವಾಗ ಅಕ್ಕನ ಗದ್ದ ಹಿಡಿದೆತ್ತಿ, “ಹುಡುಗಿ ಲಕ್ಷಣವಾಗಿ ಅದಾಳೆ ಬಿಡ್ರಿ. ಹುಣ್ಣಿಮಿಗೆ ನಾವು ಸಕ್ಕರೆ ಆರತಿ ತರೋದ್ರಾಗ ಮುಖ ಒಂದೀಟು ತಿಳಿ ಆಗ್ಲಿ. ನಮ್ಮ ಕಡೇರೆಲ್ಲಾ ನೋಡಾಕ ಬರ್ತಾರೆ” ಎಂದರು. ನಗುತ್ತಲೇ ಹೇಳಿದ್ದು. ಆದರೆ ಅಂದಿನಿಂದ ಅವ್ವನಿಗೆ ನಿದ್ದೆ ಇಲ್ಲ.

ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆಯಂದು ಗಂಡಿನ ಮನೆಯವರು ಸೀರೆ, ಹೂವಿನ ದಂಡೆ, ಸಕ್ಕರೆ ಗೊಂಬೆ ತರುತ್ತಾರೆ. ಆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ದೀಪ ಹಚ್ಚಿ ಹುಡುಗಿ ಗೌರಿಗೆ ಬೆಳಗಬೇಕು. ಆರತಿ ಗೌರಿಗೆ, ನೋಡುವವರ ಕಣ್ಣು ಹುಡುಗಿಯ ಮುಖಕ್ಕೆ.

ಅವ್ವ ಮೊದಲು ನಿಂಬೆಹೋಳು ತಂದು ತಿಕ್ಕಿದಳು. ಅಕ್ಕ “ಉರೀತೈತೆ ಬೇ” ಅಂದರೆ, “ಉರಿದ್ರೇ ಹತ್ತೋದು, ಸುಮ್ನಿರು” ಎನ್ನುವಳು. ಕಲೆಗಳು ಇನ್ನಷ್ಟು ಕಪ್ಪಾದವು. ಆಗ ಅವ್ವ, ಅಕ್ಕ, ನಾನು ಮೂವರೂ ಚರ್ಮದ ಡಾಕ್ಟರ ಹತ್ತಿರ ಹೋದೆವು. ಆಕೆ ಕೆನ್ನೆ ನೋಡಿದವರೇ ಅವ್ವನ ಕಡೆ ತಿರುಗಿದರು. “ನಿಂಬೆಹಣ್ಣು ಉಪ್ಪಿನಕಾಯಿಗೆ ಹಾಕ್ರಿ, ಮಗಳ ಮುಖಕ್ಕಲ್ಲ. ಇದು ಮೊಡವೆ ಮಾಗಿದ ಗುರುತು. ಕೆದಕಬಾರದು, ಉಜ್ಜಬಾರದು. ರಾತ್ರಿ ಈ ಟ್ಯೂಬು, ಮುಖಕ್ಕೆಲ್ಲಾ ಸೇರಿ ಬಟಾಣಿಕಾಳಷ್ಟು. ಬೆಳಿಗ್ಗೆ ಈ ಲೋಷನ್ ಹಚ್ಚದೆ ಬಿಸಿಲಿಗೆ ಹೋಗಬೇಡ. ಬೇರೆ ಏನೂ ಬೇಡ. ತಾನಾಗಿ ತಿಳಿಯಾಗುತ್ತೆ.”

“ಎಷ್ಟು ದಿನ ಹಿಡೀತೈತ್ರಿ?” ಅವ್ವ ಕೇಳಿದಳು.

“ದಿನ ಅಲ್ಲ, ತಿಂಗಳು. ನಾಲ್ಕೈದಾದರೂ ಬೇಕು.”

ಅವ್ವನ ಸೆರಗು ಹಿಡಿದು ಸಂತೆ ತಿರುಗಿ ಚೌಕಾಸಿ ಕಲಿತಿದ್ದವಳು ನಾನು. “ಒಂದು ತಿಂಗಳಿಗೆ ಮಾಡಿಕೊಡ್ರಿ ಮೇಡಂ, ಹುಣ್ಣಿಮಿ ಐತೆ” ಎಂದೆ. ಅವರು ಬಿದ್ದುಬಿದ್ದು ನಕ್ಕರು. “ಇದು ಬದನೆಕಾಯಿ ಅಲ್ಲಮ್ಮ, ಚರ್ಮ. ಇದರ ಹತ್ತಿರ ಚೌಕಾಸಿ ನಡೆಯಲ್ಲ.” ಈಗ ನನ್ನದೇ ಫ್ಯಾನ್ಸಿ ಸ್ಟೋರ್ ಇದೆ, ಎಂಥೆಂಥ ಹೋಲ್‌ಸೇಲ್‌ನವರನ್ನೋ ಬಗ್ಗಿಸಿದ್ದೇನೆ. ಒಂಚೂರೂ ಇಳಿಯದ ದರ ಕಂಡಿದ್ದು ಅದೊಂದೇ.

ಡಾಕ್ಟರು ಹೇಳಿದಂತೆ ಅಕ್ಕ ಕೇಳಿದಳು. ಬಿಸಿಲಿಗೆ ಕೊಡೆ ಹಿಡಿದು ನಲ್ಲಿಗೆ ಹೋದರೆ ಓಣಿಯ ಹುಡುಗಿಯರು “ಮೇಮ್‌ಸಾಬ್ ಬಂದ್ರು, ದಾರಿ ಬಿಡ್ರೇ” ಎಂದು ಕಾಡಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಒಂದು ಬೆಳಿಗ್ಗೆ ನನ್ನನ್ನು ಕನ್ನಡಿಯ ಹತ್ತಿರ ಎಳೆದು, “ಅಂಚು ಮಾಸಾಕ ಹತ್ತೈತೆ, ನೋಡೆ” ಎಂದು ಪಿಸುಗುಟ್ಟಿದಳು. ನಿಜವಾಗಿಯೂ ಮಾಸುತ್ತಿತ್ತು. ನಮ್ಮಿಬ್ಬರಿಗೆ ಬಿಟ್ಟರೆ ಬೇರೆ ಯಾರ ಕಣ್ಣಿಗೂ ಕಾಣುವಷ್ಟಲ್ಲ.

ಹಬ್ಬ ಮುಗಿಸಿ ಹರಿಹರಕ್ಕೆ, ಅವ್ವನ ಅಕ್ಕ ನಮ್ಮ ದೊಡ್ಡವ್ವನ ಮನೆಗೆ ಹೋದೆವು. ಆ ದಿನಗಳಲ್ಲಿ ಅವಳ ಮನೆ ತುಂಬ ಸಕ್ಕರೆ ಪಾಕದ ವಾಸನೆ. ಹುಣ್ಣಿಮೆಗೆಂದು ಗೊಂಬೆ ಮಾಡಿ ಮಾರುತ್ತಿದ್ದಳು. ನೆನೆಸಿಟ್ಟ ಮರದ ಅಚ್ಚುಗಳಿಗೆ ಪಾಕ ಹೊಯ್ದು, ಆರಿದ ಮೇಲೆ ಬಿಡಿಸಿದರೆ ಆನೆ, ನವಿಲು, ಬಸವಣ್ಣ. ಮುರಿದ ಸೊಂಡಿಲು, ಕಾಲು ನನ್ನ ಪಾಲು. ಕುದಿಯುವ ಪಾಕಕ್ಕೆ ಒಂದು ಸೌಟು ಹಾಲು ಬಿದ್ದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ತೆಗೆದು ಚೆಲ್ಲಿದರೆ ಪಾಕ ಬೆಳ್ಳಗೆ, ತಿಳಿ. ದೊಡ್ಡವ್ವ ಹಾಗೆ ನೊರೆ ತೆಗೆಯುತ್ತಲೇ ಅಕ್ಕನ ಕೆನ್ನೆ ನೋಡಿದಳು. ಎದ್ದುಹೋಗಿ ಗೂಡಿನಿಂದ ಹೆಸರಿಲ್ಲದ, ಚೀಟಿಯಿಲ್ಲದ ಸಣ್ಣದೊಂದು ಡಬ್ಬಿ ತಂದಳು.

“ಬಜಾರದಾಗ ಕೊಡ್ತಾರೆ. ನಮ್ಮ ಓಣ್ಯಾಗ ಯಾರನ್ನ ಬೇಕಾದ್ರೂ ಕೇಳು. ಪಾಕಕ್ಕೆ ಹಾಲು ಬಿದ್ದಂಗೆ, ಕೊಳಿ ಎಲ್ಲಾ ಕಿತ್ಕೊಂಡು ಹೊಕ್ಕೈತೆ.”

“ಬ್ಯಾರೆ ಏನೂ ಹಚ್ಚಬ್ಯಾಡ ಅಂದಾರೆ ಡಾಕ್ಟ್ರು” ಎಂದಳು ಅಕ್ಕ.

“ನಿಮ್ಮತ್ತಿ ಬಂದಾಗ ನಿನ್ನ ಡಾಕ್ಟ್ರು ಬಂದು ನಿಂದ್ರತಾಳೇನು?”

ಅಕ್ಕ ಅವ್ವನ ಮುಖ ನೋಡಿದಳು. ಅವ್ವ ಒಲೆಯ ಕಡೆ ನೋಡಿದಳು. ಹಾಗೆ ತೀರ್ಮಾನವಾಗಿ ಡಬ್ಬಿ ನಮ್ಮ ಜೊತೆ ಮನೆಗೆ ಬಂತು.

ಹುಣ್ಣಿಮೆಯ ಸಂಜೆ ಅಕ್ಕ ಆರತಿ ಹಿಡಿದು ನಿಂತಾಗ ಕೆನ್ನೆಯ ಮೇಲೆ ಒಂದೂ ಕಲೆಯಿರಲಿಲ್ಲ. ಮುಖ ಸಕ್ಕರೆ ಗೊಂಬೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಅವಳ ಅತ್ತೆ ಬಂದವರಿಗೆಲ್ಲ ತೋರಿಸಿದರು. ಅವ್ವ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಟ್ಯೂಬು, ಲೋಷನ್ನು ಕಿಟಕಿಯಲ್ಲೇ ಉಳಿದವು.

ಅಕ್ಕ ಮದುವೆಯಾಗಿ ಗುತ್ತೂರಿಗೆ ಹೋದ ಸ್ವಲ್ಪ ದಿನಕ್ಕೆ ಡಬ್ಬಿ ಖಾಲಿಯಾಯಿತು. ಮುಖ ಕೆಂಪಗಾಗಿ ಉರಿಯತೊಡಗಿತು, ಹಿಂದೆಂದೂ ಇಲ್ಲದಷ್ಟು ಗುಳ್ಳೆ ಎದ್ದವು. ಅತ್ತೆ ಈ ಸಲವೂ ನಗುತ್ತಲೇ, “ಹುಣ್ಣಿಮಿ ದಿನ ತೋರ್ಸಿದ್ದು ಬ್ಯಾರೆ ಮುಖ ಅನ್ನು” ಎಂದರಂತೆ. ಆ ಮಾತಿಗೆ ಹೆದರಿ ಅಕ್ಕ ಇನ್ನೊಂದು ಡಬ್ಬಿ ತರಿಸಿದಳು. ಹಚ್ಚಿದರೆ ಶಾಂತ, ಬಿಟ್ಟರೆ ಬೆಂಕಿ. ವರ್ಷಗಟ್ಟಲೆ ಹಾಗೇ ನಡೆಯಿತು. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ, ಕೆಂಪು ನರ ಎದ್ದು ಕಾಣತೊಡಗಿದವು, ಗದ್ದದ ಮೇಲೆ ಕೂದಲು ಬಂತು. ಒಲೆಯ ಮುಂದೆ ರೊಟ್ಟಿ ಬಡಿಯುವುದೂ ಆಗದಂತಾಯಿತು.

ನಾನು ದುಡಿಯುವಂತಾದ ಮೇಲೆ ಜಗಳವಾಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಡಬ್ಬಿಯಲ್ಲಿದ್ದದ್ದು ಸ್ಟಿರಾಯ್ಡ್ ಬೆರೆಸಿದ ಮುಲಾಮು ಎಂದರು. ಒಮ್ಮೆಲೇ ನಿಲ್ಲಿಸಲು ಬಿಡದೆ, ಮೆಲ್ಲಮೆಲ್ಲಗೆ ಬಿಡಿಸಿದರು. ಉರಿ ನಿಂತಿದೆ. ಚರ್ಮ ಮೊದಲಿನಂತಾಗಲಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥದ್ದನ್ನು ಹಚ್ಚುತ್ತಿದ್ದರೆ ಬೈಯಬೇಡಿ, ನೀವಾಗಿಯೇ ಒಮ್ಮೆಲೇ ಬಿಡಿಸಲೂ ಹೋಗಬೇಡಿ. ಡಬ್ಬಿಯ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇನ್ನು ಬರೀ ಕಲೆಯಾದರೆ, ಬಿಸಿಲಿನಿಂದ ಕಾಪಾಡಿಕೊಂಡು ಕಾಯಿರಿ. ನನ್ನ ಅಂಗಡಿಗೆ ಬಂದು “ವಾರದಾಗ ಹೋಗೋದು ಕೊಡ್ರಿ” ಎನ್ನುವವರಿಗೂ ನಾನು ಹೇಳುವುದು ಇದನ್ನೇ. ಅರ್ಧ ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ.

ದೊಡ್ಡವ್ವ ಈಗಿಲ್ಲ. ಕೊನೆಯವರೆಗೂ ತಾನು ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಿದ್ದಳು. ಅವಳಿಗೆ ಯಾರೂ ಹೇಳಲಿಲ್ಲ, ಅಕ್ಕ ಹೇಳಗೊಡಲಿಲ್ಲ.

ಮೊನ್ನೆ ಅಕ್ಕನ ಮಗಳು ಅಂಗಡಿಗೆ ಬಂದಿದ್ದಳು. ಅವಳ ಹಣೆಯ ಮೇಲೂ ಒಂದೆರಡು ಮೊಡವೆ. ಗಲ್ಲಾದ ಹತ್ತಿರ ಕೂತು ಇದ್ದಕ್ಕಿದ್ದಂತೆ ಕೇಳಿದಳು, “ಚಿಕ್ಕಮ್ಮ, ಅಮ್ಮನ ಮುಖ ಮೊದ್ಲು ಹೆಂಗಿತ್ತು? ನನ್ನಂಗೇ ಇತ್ತಾ?”

ಬಾಗಿಲಲ್ಲಿ ನಿಂತ ಗಿರಾಕಿಯ ಮೈಬಣ್ಣ ನೋಡಿಯೇ ಯಾವ ಪೌಡರ್ ಹೊಂದುತ್ತದೆಂದು ಹೇಳುವವಳು ನಾನು. ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ಕಲೆಗಳಷ್ಟೇ ಕಂಡವು. ಅವುಗಳ ಹಿಂದಿದ್ದ ಮುಖ ಕಾಣಲಿಲ್ಲ. ಆ ವರ್ಷ ಮನೆಯಲ್ಲಿ ಯಾರೂ ಅದನ್ನು ನೋಡಿರಲೇ ಇಲ್ಲ.