ಯಾರ ಮನೆಯಲ್ಲೂ ಇಲ್ಲದ ಪೆನ್ ಡ್ರೈವ್

2016ರಲ್ಲಿ ನಾನು ನೈರೋಬಿಯ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಭದ್ರತಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಬ್ಯಾಂಕಿನ ಮೇಲೆ ನಡೆದ ದಾಳಿಗಳನ್ನು ಸಾಕಷ್ಟು ಕಂಡಿದ್ದೇನೆ. ಆದರೆ ನನ್ನನ್ನು ನಿಜಕ್ಕೂ ಹೆದರಿಸಿದ್ದು ಅದೇ ನಗರದ ಸೌತ್ ಬಿ ಬಡಾವಣೆಯ ಮನೆಯೊಂದರ ಹಳೆಯ ಲ್ಯಾಪ್‌ಟಾಪ್.

ಅದು ಲವೀನಾಳದು. ಮಂಗಳೂರು ಕಡೆಯವಳು, ಶಾಲಾ ಶಿಕ್ಷಕಿ. ಮನೆ, ಮಕ್ಕಳು, ನೌಕರಿಯ ನಡುವೆ ವರ್ಷಗಟ್ಟಲೆ ಒದ್ದಾಡಿ ಬರೆದ ಪಿಎಚ್‌.ಡಿ. ಪ್ರಬಂಧವನ್ನು ಸೋಮವಾರ ಸಲ್ಲಿಸಬೇಕಿತ್ತು. ಗಡುವನ್ನು ಇನ್ನು ಮುಂದೂಡುವುದಿಲ್ಲ ಎಂದು ವಿಶ್ವವಿದ್ಯಾಲಯ ಖಡಾಖಂಡಿತವಾಗಿ ಹೇಳಿತ್ತು. ಶನಿವಾರ ಬೆಳಿಗ್ಗೆ ಅವಳ ಫೋನ್ ಬಂತು.

"ಅಕ್ಕ, ಒಂದು ಫೈಲೂ ಓಪನ್ ಆಗ್ತಾ ಇಲ್ಲ. ದುಡ್ಡು ಕೊಡಿ ಅಂತ ಸ್ಕ್ರೀನಿನಲ್ಲಿ ಬರ್ತಾ ಉಂಟು. ನಾನೆಂತ ಮಾಡುದು?"

ವೈಫೈ ಆಫ್ ಮಾಡಲು ಹೇಳಿ ಹೊರಟೆ. ಹೋಗಿ ನೋಡಿದರೆ ರ್‍ಯಾನ್ಸಮ್‌ವೇರ್. ಫೈಲುಗಳಿಗೆ ಬೀಗ ಜಡಿದು, ಕೀಲಿಗಾಗಿ ಹಣ ಕೇಳುವ ತಂತ್ರಾಂಶ ಅದು. ಹಣ ಕೊಟ್ಟರೂ ಕೀಲಿ ಸಿಗುತ್ತದೆಂಬ ಖಾತ್ರಿಯಿಲ್ಲ. ಬ್ಯಾಕಪ್ ಡಿಸ್ಕ್ ಸದಾ ಲ್ಯಾಪ್‌ಟಾಪಿಗೇ ಅಂಟಿಕೊಂಡಿದ್ದರಿಂದ ಅದಕ್ಕೂ ಬೀಗ ಬಿದ್ದಿತ್ತು.

"ಬೇರೆ ಕಾಪಿ ಎಲ್ಲೂ ಇಲ್ವಾ?"

"ಸಿನಿಮಾದ ಪೆನ್ ಡ್ರೈವ್‌ನಲ್ಲಿ ಉಂಟು. ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೀಲಿಕ್ಕೆ ಅಂತ ಗುರುವಾರ ಹಾಕಿದ್ದೆ. ಆಮೇಲೆ ಅದು ಕೈಯಿಂದ ಕೈಗೆ ಹೋಗಿ ಈಗ ಯಾರ ಹತ್ರ ಉಂಟೋ ಗೊತ್ತಿಲ್ಲ."

ರಜೆ ಮುಗಿಸಿ ಊರಿನಿಂದ ಬರುವವರು ಹೊಸ ಕನ್ನಡ ಸಿನಿಮಾಗಳನ್ನು ಒಂದು ಪೆನ್ ಡ್ರೈವ್‌ಗೆ ತುಂಬಿಸಿ ತರುತ್ತಿದ್ದರು. ಅದು ನೈರೋಬಿಯ ಕನ್ನಡಿಗರ ಮನೆಮನೆ ಸುತ್ತುತ್ತಿತ್ತು. ಗುರುವಾರ ಅದರಲ್ಲಿ ಫೋಲ್ಡರುಗಳ ಬದಲು ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕಂಡವೆಂದು ಲವೀನಾ ಹೇಳಿದಾಗ ರೋಗದ ಮೂಲ ತಿಳಿಯಿತು. ಈ ಬಗೆಯ ವೈರಸ್ ನಿಜವಾದ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಅದನ್ನು ಒತ್ತಿದರೆ ಕಂಪ್ಯೂಟರಿನೊಳಗೆ ನುಗ್ಗಿ, ರ್‍ಯಾನ್ಸಮ್‌ವೇರ್‌ನಂಥ ಉಳಿದ ಕಳ್ಳರಿಗೂ ಬಾಗಿಲು ತೆರೆಯುತ್ತದೆ. ಆದರೆ ಅಡಗಿಸಿದ್ದನ್ನು ಅಳಿಸುವುದಿಲ್ಲ. ಪೆನ್ ಡ್ರೈವ್ ಸಿಕ್ಕರೆ ಪ್ರಬಂಧವೂ ಸಿಗುತ್ತಿತ್ತು.

ಅಷ್ಟರಲ್ಲಿ ಅವಳ ಗಂಡ ವಿನ್ಸೆಂಟ್ ಸಿಟ್ಟಿನಲ್ಲಿ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬರೆದುಬಿಟ್ಟಿದ್ದ: "ವೈರಸ್ ಪೆನ್ ಡ್ರೈವ್ ತಂದದ್ದು ಯಾರು? ಈಗ ಯಾರ ಹತ್ರ ಉಂಟು?"

ಮನೆಮನೆಗೆ ಫೋನ್ ಮಾಡಿದೆವು. ಎಲ್ಲರದೂ ಒಂದೇ ಉತ್ತರ, "ನಮ್ಮಲ್ಲಿಲ್ಲ". ಯಾರಾದರೂ ಹೆದರಿ, ಇದ್ದದ್ದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿಬಿಟ್ಟರೆ ಎಂದು ನನಗೆ ಒಳಗೊಳಗೇ ಪುಕುಪುಕು. ಲವೀನಾ ಫೋನನ್ನೇ ನೋಡುತ್ತ ಕುಳಿತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

ಕೊನೆಗೆ ನಾನೇ ಬರೆದೆ: "ಪೆನ್ ಡ್ರೈವ್ ಯಾರು ತಂದರೆಂದು ಯಾರೂ ಕೇಳುವುದಿಲ್ಲ. ಲವೀನಾಳ ಥೀಸಿಸ್ ಅದರಲ್ಲೇ ಇದೆ. ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ನನಗೊಬ್ಬಳಿಗೇ ಫೋನ್ ಮಾಡಿ."

ಸ್ವಲ್ಪ ಹೊತ್ತಿಗೆ ರಾಘವೇಂದ್ರನ ಫೋನ್ ಬಂತು. ಬೆಂಗಳೂರಿನ ಟೆಲಿಕಾಂ ಎಂಜಿನಿಯರ್. ಬೆಳಿಗ್ಗೆ ಇಲ್ಲವೆಂದವರಲ್ಲಿ ಅವನೂ ಒಬ್ಬ.

"ಮೇಡಂ, ನನ್ ಹತ್ರಾನೇ ಇದೆ. ಊರಿಂದ ತಂದೋನೂ ನಾನೇ. ಫಾರ್ಮ್ಯಾಟ್ ಮಾಡಿ ಸುಮ್ನಾಗಿಬಿಡೋಣ ಅಂತ ಈಗ್ತಾನೇ ಲ್ಯಾಪ್‌ಟಾಪ್‌ಗೆ ಹಾಕಿದ್ದೆ."

"ಮಾಡಿಬಿಟ್ರಾ?"

"ಇಲ್ಲ ಮೇಡಂ. ಅಷ್ಟರಲ್ಲಿ ನಿಮ್ ಮೆಸೇಜ್ ನೋಡ್ದೆ."

ಪೆನ್ ಡ್ರೈವ್ ತರಿಸಿ, ವಿಂಡೋಸ್ ಇಲ್ಲದ, ಹಾಗಾಗಿ ಈ ವೈರಸ್ ತಟ್ಟದ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆದೆ. ಅಡಗಿದ್ದ ಫೋಲ್ಡರಿನಲ್ಲಿ ಅಧ್ಯಾಯಗಳೆಲ್ಲ ಇದ್ದವು. ಆಗ ಲವೀನಾ ಗಳಗಳನೆ ಅತ್ತಳು. ಸೋಮವಾರ ಪ್ರಬಂಧ ಸಲ್ಲಿಕೆಯಾಯಿತು.

ಆಂಟಿವೈರಸ್ ಹಾಕಿ, ಬ್ಯಾಕಪ್ ಮುಗಿದೊಡನೆ ಡಿಸ್ಕ್ ಕಳಚಿಡಿ ಎಂದು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಹೇಳುವ ಮಾತೊಂದಿದೆ. ತಪ್ಪು ಯಾರದೇ ಇರಲಿ, ಇಲ್ಲಿ ಯಾರನ್ನೂ ಬೈಯುವುದಿಲ್ಲ, ಕೂಡಲೇ ಬಂದು ಹೇಳಿ. ಪೆನ್ ಡ್ರೈವ್‌ನಲ್ಲಿದ್ದ ಲವೀನಾಳ ಪ್ರಬಂಧವನ್ನು ವೈರಸ್ ಬರೀ ಬಚ್ಚಿಟ್ಟಿತ್ತು. ಅದನ್ನು ಅಳಿಸಲು ಕುಳಿತಿದ್ದವನು ಬೈಗುಳಕ್ಕೆ ಹೆದರಿದ ಒಬ್ಬ ಒಳ್ಳೆಯ ಮನುಷ್ಯ.